‘ಭಾಗ್ಯಲಕ್ಷ್ಮೀ’: ಅತ್ತೆಗೆ ಫುಲ್ ಮಾರ್ಕ್ಸ್, ಎಳೆದಾಟಕ್ಕೆ ಕತ್ತರಿ

ಐದಕ್ಕೆ ಮೂರೂವರೆ ಸ್ಟಾರ್. ಅದರಲ್ಲಿ ಎರಡು ಅತ್ತೆ ಕುಸುಮಾ ಒಬ್ಬಳಿಗೇ.

ಕಲರ್ಸ್ ಕನ್ನಡದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದಾಗ ನಾನು ಈ ಧಾರಾವಾಹಿಗೆ ಕೂತಿದ್ದೇ ನಾಯಕಿ ಭಾಗ್ಯಳ ಪಾತ್ರ ಮಾಡಿರೋ ಸುಷ್ಮಾ ಕೆ. ರಾವ್ ಅವರಿಗೋಸ್ಕರ. ಅವರ ಹಳೇ ಧಾರಾವಾಹಿ ‘ಗುಪ್ತಗಾಮಿನಿ’ಯ ಭಾವನಾಳನ್ನು ಮರೆಯದ ಹೆಂಗಸರು ನಮ್ಮ ಮನೆಯಲ್ಲೇ ಇದ್ದೀವಿ. ಸಂಜೆ ಏಳಕ್ಕೆ ಟಿವಿ ಹಾಕೋದು ಅತ್ತೆ, ರಾತ್ರಿ ಊಟ ಆದಮೇಲೆ ಮೊಬೈಲಲ್ಲಿ ನೋಡೋದು ನಾನು. ಅಷ್ಟರೊಳಗೆ ಅತ್ತೆ ಕಥೆಯೆಲ್ಲ ಹೇಳಿಬಿಟ್ಟಿರ್ತಾರೆ, ಆದರೂ ನೋಡ್ತೀನಿ.

ನೋಡದವರಿಗಾಗಿ ಎರಡು ಸಾಲು. ಭಾಗ್ಯ ಓದು ಅರ್ಧಕ್ಕೆ ಬಿಟ್ಟ ಗೃಹಿಣಿ, ಅಡುಗೆಯಲ್ಲಿ ಎತ್ತಿದ ಕೈ. ಗಂಡ ತಾಂಡವ್‌ಗೆ ಹೆಂಡತಿ ಅಂದ್ರೆ ತಾತ್ಸಾರ, ಆಫೀಸಿನ ಶ್ರೇಷ್ಠಾ ಅಂದ್ರೆ ಪ್ರಾಣ. ತನ್ವಿ, ತನ್ಮಯ್ ಮಕ್ಕಳು. ಇಷ್ಟೇ ಆಗಿದ್ರೆ ಮೊದಲ ತಿಂಗಳೇ ರಿಮೋಟ್ ಒತ್ತಿಬಿಡ್ತಿದ್ದೆ.

ನಿಲ್ಲಿಸಿದ್ದು ಕುಸುಮಾ. ಪದ್ಮಜಾ ರಾವ್ ಮಾಡಿರೋ ಈ ಅತ್ತೆ ಮೆತ್ತಗಿನ ಜೀವ ಅಲ್ಲ. ದನಿ ಜೋರು, ಸಂಪ್ರದಾಯದಲ್ಲಿ ಕಟ್ಟುನಿಟ್ಟು, ಸೊಸೆ ಎದುರು ಮಾತಾಡಿದ್ರೆ ಹುಬ್ಬು ಗಂಟಾಗುತ್ತೆ. ಆದರೆ ಮಗ ತಪ್ಪು ಮಾಡಿದಾಗ ‘ಗಂಡಸು, ಏನೋ ಮಾಡ್ಕೊಂಡಿದಾನೆ’ ಅನ್ನೋ ಜಾತಿಯವಳಲ್ಲ. ನ್ಯಾಯಕ್ಕೆ ಹೆತ್ತ ಮಗನನ್ನೂ ಬಿಡಲ್ಲ. ಸೀರಿಯಲ್ ಅತ್ತೆ ಅಂದ್ರೆ ಒಂದೋ ವಿಷ, ಇಲ್ಲಾ ದೇವರ ಪಟ. ಬೈಕೊಂಡೇ ಸೊಸೆ ಪರ ನಿಲ್ಲೋ ಇಂಥ ಅತ್ತೇರನ್ನ ನಮ್ಮ ಬೀದಿಯಲ್ಲಿ ಕಾಣ್ತೀವಿ, ಪರದೆ ಮೇಲೆ ಕಾಣೋದು ಅಪರೂಪ. ಫ್ಯಾನ್‌ಗಳು ಕಥೆ ಬಗ್ಗೆ ಎಷ್ಟೇ ಕಿತ್ತಾಡಿದ್ರೂ ಕುಸುಮಾ ವಿಷಯಕ್ಕೆ ಬಂದಾಗ ಹೆಚ್ಚುಕಮ್ಮಿ ಒಂದೇ ಮಾತು.

ಭಾಗ್ಯ ಮಗಳ ಶಾಲೆಗೇ ಹತ್ತನೇ ಕ್ಲಾಸ್ ಓದೋಕೆ ಹೋಗೋ ಭಾಗ ನನ್ನ ಪ್ರಕಾರ ಇಡೀ ಧಾರಾವಾಹಿಯ ಜೀವ. ಅಮ್ಮ ತನ್ನ ಶಾಲೆಯಲ್ಲೇ ಓದ್ತಾಳೆ ಅನ್ನೋದು ತನ್ವಿಗೆ ನಾಚಿಕೆ, ಅಮ್ಮನಿಗೆ ಮಗಳ ನಾಚಿಕೆಯೇ ಸಂಕಟ. ‘ಅಷ್ಟು ವಯಸ್ಸಿನವಳನ್ನ ಯಾವ ಸ್ಕೂಲಲ್ಲಿ ಮಕ್ಕಳ ಜೊತೆ ಕೂರಿಸ್ತಾರೆ?’ ಅಂತ ತಕರಾರು ತೆಗೆದವರು ಬಹಳ. ನಿಜ, ನಮ್ಮಲ್ಲಿ ದೊಡ್ಡವರು ಖಾಸಗಿ ಅಭ್ಯರ್ಥಿಯಾಗಿ ನೇರ ಎಸ್‌ಎಸ್‌ಎಲ್‌ಸಿ ಕಟ್ಟಬಹುದು, ತರಗತಿಯಲ್ಲಿ ಕೂರಬೇಕಾಗಿಲ್ಲ. ಆದರೂ ಆ ಒಂದು ಸುಳ್ಳನ್ನ ನಾನು ಮಾಫಿ ಮಾಡ್ತೀನಿ. ನಮ್ಮ ಮನೆಗೆ ಕೆಲಸಕ್ಕೆ ಬರೋ ಹುಡುಗಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಸಂಚಿಕೆಗಳು ಬರುವಾಗ ಪಾತ್ರೆ ತೊಳೀತಾ, ‘ಅಕ್ಕಾ, ಈಗ್ಲೂ ಕಟ್ಟಬಹುದಾ? ಫೀಸ್ ಎಷ್ಟು?’ ಅಂತ ಕೇಳಿದ್ಲು. ಒಂದು ಧಾರಾವಾಹಿ ಅಷ್ಟು ಕೇಳಿಸಿದ್ರೆ ಅದರ ಪಾತ್ರದ ಆಯ್ಕೆ ಸರಿ ಇದೆ ಅಂತಲೇ ಲೆಕ್ಕ.

ಈಗ ಕತ್ತರಿ ಹಾಕಬೇಕಾದ ಕಡೆಗೆ ಬರ್ತೀನಿ. ತಾಂಡವ್–ಶ್ರೇಷ್ಠಾ ಗುಟ್ಟು ನೋಡುಗರಿಗೆ ಮೊದಲಿಂದಲೂ ಗೊತ್ತು. ಮನೆಯವರಿಗೆ ಮಾತ್ರ ವರ್ಷಗಟ್ಟಲೆ ಗೊತ್ತಾಗಲ್ಲ. ಇನ್ನೇನು ಬಾಯಿಬಿಡ್ತಾರೆ ಅನ್ನುವಾಗ ಫೋನ್ ಹೊಡ್ಕೊಳ್ಳುತ್ತೆ, ಕಾಲಿಂಗ್ ಬೆಲ್ ಆಗುತ್ತೆ, ಯಾರಾದ್ರೂ ತಲೆ ಸುತ್ತಿ ಬೀಳ್ತಾರೆ. ಗುಟ್ಟು ಮುಚ್ಚಿಡೋದಕ್ಕಾಗಿ ಬುದ್ಧಿವಂತ ಪಾತ್ರಗಳನ್ನೂ ದಡ್ಡರನ್ನಾಗಿ ಮಾಡಬೇಕಾಗುತ್ತೆ. ಮನೆಯ ಸಕ್ಕರೆ ಡಬ್ಬ ಒಂದಿಂಚು ಜರುಗಿದ್ರೂ ಗೊತ್ತಾಗೋ ಕುಸುಮಾಗೆ ಮಗ ರಾತ್ರಿ ಎಲ್ಲಿಗೆ ಹೋಗ್ತಾನೆ ಅಂತ ಗೊತ್ತಾಗಲ್ಲ ಅಂದ್ರೆ ಯಾರು ನಂಬ್ತಾರೆ? ಟಿಆರ್‌ಪಿ ಚೆನ್ನಾಗಿದ್ರೆ ಟ್ರ್ಯಾಕ್ ಎಳೀತಾರೆ, ಅದು ಎಲ್ಲಾ ಚಾನೆಲ್‌ನ ಕಥೆಯೂ ಹೌದು. ಎಳೀಲಿ, ಪಾತ್ರದ ಗುಣ ಕೆಡಿಸಿ ಎಳೀಬೇಡಿ ಅನ್ನೋದಷ್ಟೇ ನನ್ನ ತಕರಾರು.

ತಾಂಡವ್ ಪಾತ್ರದಲ್ಲಿ ಸುದರ್ಶನ್ ರಂಗಪ್ರಸಾದ್ ನಟನೆಗೆ ಬೆರಳು ತೋರಿಸೋ ಹಾಗಿಲ್ಲ, ನೋಡಿದ್ರೆ ಮೈ ಉರಿಯುತ್ತೆ. ಬರವಣಿಗೆಯಲ್ಲಿ ಮಾತ್ರ ಆತನಿಗೆ ಒಂದೇ ಬಣ್ಣ. ಮಕ್ಕಳ ಮುಂದಾದ್ರೂ ಅವನಿಗೆ ಒಂದು ಕ್ಷಣ ಅಳುಕು ಬರೋದನ್ನ ಗಟ್ಟಿಯಾಗಿ ತೋರಿಸಿದ್ದಿದ್ರೆ ಭಾಗ್ಯ ಅಷ್ಟು ದಿನ ಯಾಕೆ ಸಹಿಸಿದಳು ಅನ್ನೋದಕ್ಕೂ ಅರ್ಥ ಸಿಗ್ತಿತ್ತು. ಶ್ರೇಷ್ಠಾ ಬಗ್ಗೆ ಹೇಳೋದೇನೂ ಇಲ್ಲ, ಕಣ್ಣು ಅಗಲಿಸೋದೇ ಕೆಲಸ.

ಗಂಡನನ್ನು ಬಿಟ್ಟಮೇಲೆ ಮನೆಯ ಜವಾಬ್ದಾರಿ ಭಾಗ್ಯಳ ತಲೆಗೆ ಬಿತ್ತು. ಹೋಟೆಲ್ ಅಡುಗೆಮನೆಯಲ್ಲಿ ದುಡಿಯೋದು, ಇಎಂಐ ಕಟ್ಟೋದು, ಸಂಬಳದ ದಿನ ಲೆಕ್ಕ ಹಾಕೋದು. ಈ ದೃಶ್ಯಗಳೆಲ್ಲ ಚಿನ್ನ. ಆಮೇಲೆ ಇದ್ದ ಕೆಲಸ ಹೋಗಿ ಜೋಕರ್ ವೇಷ ಹಾಕೋ ಟ್ರ್ಯಾಕ್ ಬಂತು. ನಮ್ಮತ್ತೆ ಕಣ್ಣೀರು ಹಾಕಿದ್ರು, ನನಗೆ ಸಿಟ್ಟು ಬಂತು. ನಮ್ಮ ಏರಿಯಾದ ಪಿಜಿಗಳಲ್ಲಿ ನೆಟ್ಟಗೆ ಸಾರು ಮಾಡೋರು ಸಿಗದೆ ಬೋರ್ಡ್ ಹಾಕಿದಾರೆ, ಅಂಥಾದ್ರಲ್ಲಿ ಇಷ್ಟು ಒಳ್ಳೆ ಅಡುಗೆಯವಳಿಗೆ ಜೋಕರ್ ವೇಷವೇ ಗತಿಯಾ? ಅಳಿಸೋಕೆ ಅಂತಲೇ ಹೆಣೆದದ್ದು ಅನ್ನೋದು ಮುಖಕ್ಕೆ ರಾಚುತ್ತೆ.

ಭಾಗ್ಯಳ ತಂಗಿ ಲಕ್ಷ್ಮಿಯ ಕಥೆ 2023ರಲ್ಲಿ ‘ಲಕ್ಷ್ಮೀ ಬಾರಮ್ಮ’ ಅನ್ನೋ ಧಾರಾವಾಹಿಯಾಗಿ ಬೇರೆ ಹೋಯ್ತು. ಅಲ್ಲಿ ಅತ್ತೆ ಕಾವೇರಿ, ಕುಸುಮಾಗೆ ತದ್ವಿರುದ್ಧ, ಮಗನ ಮೇಲಿನ ವ್ಯಾಮೋಹಕ್ಕೆ ಏನು ಬೇಕಾದ್ರೂ ಮಾಡ್ತಾಳೆ. ತಮಾಷೆ ಅಂದ್ರೆ ಅಲ್ಲಿ ಜನ ಮನಸೋತಿದ್ದು ನಾಯಕಿಗಿಂತ ಜಾಸ್ತಿ ಕೀರ್ತಿಗೆ. ಕಥೆಗೆ ಅಡ್ಡ ಬರೋಕೆ ಬಂದ ಹುಡುಗಿ, ನಟಿ ತನ್ವಿ ರಾವ್ ಅಭಿನಯದಿಂದ ಕಥೆಯನ್ನೇ ಕಿತ್ಕೊಂಡ್ಲು. ತಪ್ಪು ಮಾಡಿದ್ರೂ ಮನಸ್ಸಲ್ಲಿದ್ದದ್ದನ್ನ ಬಾಯಿಬಿಟ್ಟು ಹೇಳೋ ಪಾತ್ರ ಬೇಕು ಜನಕ್ಕೆ. ಸಹಿಸಿ ಸಹಿಸಿ ಸಾಕಾಗಿದೆ. ಭಾಗ್ಯಲಕ್ಷ್ಮೀಯನ್ನ ಹಿಂದಿಗೂ ‘ಮಂಗಲ್ ಲಕ್ಷ್ಮೀ’ ಅಂತ ತಗೊಂಡು ಹೋದ್ರು, 2024ರಿಂದ. ನಾನು ನೋಡಿಲ್ಲ, ಕುಸುಮಾ ಹಿಂದಿಯಲ್ಲಿ ಬೈಯೋದು ಕಲ್ಪಿಸ್ಕೊಳ್ಳೋಕೇ ಆಗಲ್ಲ.

ಭಾಗ್ಯಲಕ್ಷ್ಮೀಯಲ್ಲಿ ಶ್ರೀಮಂತ ಆದಿ ಪಾತ್ರದಲ್ಲಿ ಹರೀಶ್ ರಾಜ್ ಬಂದಮೇಲೆ ನೋಡುಗರಲ್ಲಿ ಎರಡು ಪಕ್ಷ. ಭಾಗ್ಯಳಿಗೆ ಇನ್ನೊಂದು ಮದುವೆ ಬೇಕು ಅನ್ನೋರು, ಬೇಡ ಅನ್ನೋರು. ನಾನು ಬೇಡದ ಪಕ್ಷ: ಇಷ್ಟು ಕಷ್ಟಪಟ್ಟು ತನ್ನ ಕಾಲ ಮೇಲೆ ನಿಂತವಳ ಕಥೆ ಕೊನೆಗೆ ಒಬ್ಬ ಶ್ರೀಮಂತನ ಪಕ್ಕ ನಿಲ್ಲೋದ್ರಲ್ಲಿ ಮುಗಿದ್ರೆ ಆ ಹತ್ತನೇ ಕ್ಲಾಸೆಲ್ಲ ಯಾಕೆ ಬೇಕಿತ್ತು? ಅತ್ತೆ ಹತ್ರ ಇದನ್ನೇ ಹೇಳಿದೆ. ಹುರುಳಿಕಾಯಿ ನಾರು ತೆಗೀತಾ ಕೂತಿದ್ರು, ತಲೆ ಎತ್ತಲಿಲ್ಲ. ‘ಅವನು ಇನ್ನೊಂದು ಕಟ್ಕೊಂಡಾಗ ನಿನ್ನನ್ನೇನೂ ಕೇಳ್ಲಿಲ್ವಲ್ಲ. ಇವಳಿಗಾದ್ರೆ ಊರೆಲ್ಲ ಬುದ್ಧಿ ಹೇಳುತ್ತೆ ನೋಡು’ ಅಂದ್ರು. ‘ನೀವ್ಯಾಕತ್ತೆ ಕುಸುಮಾ ಥರ ಮಾತಾಡ್ತೀರಿ’ ಅಂದೆ. ಖುಷಿಯಾಯ್ತು ಅವರಿಗೆ, ತೋರಿಸ್ಕೊಳ್ಳಲಿಲ್ಲ.

ಹೊಸದಾಗಿ ನೋಡೋರು ಮೊದಲಿಂದ ಕೂರಬೇಡಿ, ಆಯಸ್ಸು ಸಾಲಲ್ಲ. ಶಾಲೆಯ ಭಾಗ ಪೂರ್ತಿ ನೋಡಿ, ಗುಟ್ಟಿನ ಸಂಚಿಕೆಗಳನ್ನ ಹತ್ತಕ್ಕೊಂದರಂತೆ ನೋಡಿ ಉಳಿದದ್ದು ಹಾರಿಸಿ, ಭಾಗ್ಯ ಕೆಲಸಕ್ಕೆ ಹೊರಟಲ್ಲಿಂದ ಮತ್ತೆ ನಿಧಾನಕ್ಕೆ ಕೂತ್ಕೊಳ್ಳಿ. ಎರಡೂ ಧಾರಾವಾಹಿ ಒಂದಾಗಿ ಅಕ್ಕ–ತಂಗಿ ಇಬ್ಬರೂ ಸೇರೋ ಮಹಾಸಂಗಮ ಸಂಚಿಕೆಗಳಲ್ಲಿ ಎರಡು ಮನೆಯ ಅತ್ತೇರು ಎದುರುಬದುರಾದ್ರೆ ಬಿಡಬೇಡಿ. ಪ್ರೋಮೋ ಮಾತ್ರ ನಂಬಬೇಡಿ. ಪ್ರೋಮೋದಲ್ಲಿ ತಾಂಡವ್ ಕೆನ್ನೆಗೆ ಬಿದ್ದ ಏಟು ಸಂಚಿಕೆಗೆ ಬರೋ ಹೊತ್ತಿಗೆ ಯಾರದ್ದೋ ಕನಸಾಗಿರುತ್ತೆ.