ಮೊದಲ ಪೆಟ್ಟಿಗೆ ಇನ್ನೂ ಬಂದಿಲ್ಲ, ಎರಡನೆಯದಕ್ಕೆ ದುಡ್ಡು ಕೇಳುತ್ತಿದ್ದಾರೆ

ಮೇಜಿನ ಮೇಲೆ ಆಡುವ ಒಂದು ಹೊಸ ಆಟಕ್ಕೆ ಅಂತ ಐದು ಜನ ಸೇರಿ ಮುಂಚೆಯೇ ಕಟ್ಟಿದ್ದು ₹46,500. ಕೈಗೆ ಬಂದಿದ್ದು ಐದು ಪುಟ್ಟ ಚೀಲ ದಾಳ ಮತ್ತು ಆಟದ ಪುಸ್ತಕದ್ದು ಅಂತ ಅರ್ಧಕ್ಕೇ ನಿಂತ ಒಂದು ಪಿಡಿಎಫ್. ಅದರಲ್ಲಿ ಮೂರನೇ ಅಧ್ಯಾಯದ ಜಾಗದಲ್ಲಿ ಬರೀ ಖಾಲಿ ಚೌಕಗಳಿವೆ. ಚಿತ್ರ ಆಮೇಲೆ ಹಾಕುತ್ತಾರಂತೆ.

ಬನಶಂಕರಿಯ ನಮ್ಮ ಮನೆಯ ಊಟದ ಮೇಜಿನಲ್ಲಿ ಭಾನುವಾರ ಮಧ್ಯಾಹ್ನ ನಾವು ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಡುತ್ತೇವೆ. ಆಡದವರಿಗೆ ಸುಮ್ನೆ ಒಂದು ಮಾತು: ಒಬ್ಬರು ಕಥೆ ನಡೆಸುತ್ತಾರೆ, ಮಿಕ್ಕವರು ಒಂದೊಂದು ಪಾತ್ರವಾಗುತ್ತಾರೆ, ಬಾಗಿಲು ಒಡೆಯಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮಲ್ಲಿ ಕಥೆ ನಡೆಸುವವನು ನಾನು. ಹೊಸ ಆಟ ಕಂಡರೆ ಉಳಿದ ನಾಲ್ವರನ್ನೂ ಖರ್ಚಿಗೆ ಎಳೆಯುವವನೂ ನಾನೇ.

2021ರಲ್ಲಿ ಹೊರದೇಶದ ಒಂದು ಚಿಕ್ಕ ಪ್ರಕಾಶನ ಕ್ರೌಡ್‌ಫಂಡಿಂಗ್‌ನಲ್ಲಿ ಹೊಸ ಆಟ ತಂದಿತು, ಅಂದರೆ ಆಟ ತಯಾರಾಗುವ ಮುಂಚೆಯೇ ಜನರಿಂದ ದುಡ್ಡು ಕೂಡಿಸತೊಡಗಿತು. ಹೆಸರು ಬೇಡ, ಈ ತರಹದವರು ಬೇಕಾದಷ್ಟಿದ್ದಾರೆ. ಒಂದು ಪೆಟ್ಟಿಗೆ, ಒಳಗೆ ಮೂರು ಪುಸ್ತಕ, ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ. ಸಾಗಣೆ ಸೇರಿ ತಲೆಗೆ ₹9,300. ಮುಂದಿನ ದಸರಾ ರಜೆಗೆ ಇದನ್ನೇ ಆಡೋಣ ಅಂತ ಎಲ್ಲರಿಗೂ ಹೇಳಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಪಾತ್ರಗಳ ಹೆಸರೂ ಗೊತ್ತಾಗಿತ್ತು.

ದುಡ್ಡು ಏರಿದ ಹಾಗೆಲ್ಲ ಅವರು ಉಡುಗೊರೆ ಸೇರಿಸುತ್ತಾ ಹೋದರು. ನಾಲ್ಕನೇ ಪುಸ್ತಕ, ತವರದ ಗೊಂಬೆಗಳು, ಈ ಆಟಕ್ಕೇ ಮಾಡಿಸಿದ ದಾಳ. ನಾವು ಒಂದೊಂದಕ್ಕೂ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆ ತಟ್ಟಿದೆವು. ನಾವು ಕೊಡುವುದು ಒಂದು ರೂಪಾಯಿ ಜಾಸ್ತಿಯಾಗಿರಲಿಲ್ಲ, ಅವರು ಮಾಡಿಸಬೇಕಾದ ಸಾಮಾನು ಮಾತ್ರ ಎರಡರಷ್ಟಾಗಿತ್ತು. ಆ ಲೆಕ್ಕ ಯಾರಿಗೂ ಹೊಳೆಯಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಕೊರಿಯರ್ ಹುಡುಗ ಗೇಟಿನ ಹತ್ತಿರ ನಿಂತು ಕಸ್ಟಮ್ಸ್ ಸುಂಕ ₹1,120 ಕೇಳಿದ. ಪೆಟ್ಟಿಗೆಗಳು ಬಂದವು ಅಂತ ಓಡಿಹೋದೆ. ಬಂದಿದ್ದು ದಾಳ ಮಾತ್ರ. ಒಂದೊಂದು ಚೀಲದಲ್ಲಿ ಏಳು, ಕಡು ಹಸಿರು, ಬಂಗಾರದ ಅಂಕಿ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಇಪ್ಪತ್ತು ಮುಖದ ದಾಳದಲ್ಲಿ 6ರ ಕೆಳಗೂ ಗೆರೆಯಿಲ್ಲ, 9ರ ಕೆಳಗೂ ಇಲ್ಲ. ಮೊದಲ ಭಾನುವಾರವೇ ಜಗಳ. ಆರು ಬಿದ್ದರೆ ಸಾಯುವವನು ಅದು ಒಂಬತ್ತು ಅನ್ನುತ್ತಾನೆ.

ಅದೇ ವಾರ ಆ ಪ್ರಕಾಶನದಿಂದ ಇನ್ನೊಂದು ಮೇಲ್ ಬಂತು. ಎರಡನೇ ಆಟ ಶುರುವಾಗಿದೆ, ಹಳಬರಿಗೆ ರಿಯಾಯಿತಿ ಇದೆ, ಬನ್ನಿ.

ನನಗೆ ಅಲ್ಲೇ ಗಂಟೆ ಹೊಡೆಯಬೇಕಿತ್ತು. ಯಾಕಂದರೆ ಟಿಎಸ್‌ಆರ್ ಮುಳುಗಿದ ಕಥೆಯನ್ನು ನಾನೇ ಗೆಳೆಯರಿಗೆ ಹತ್ತು ಸಲ ಹೇಳಿದ್ದೆ.

ಡಿ ಅಂಡ್ ಡಿ ಹುಟ್ಟಿದ ಕಂಪನಿ ಅದು. 1973ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಬಾಲ್ಯದ ಗೆಳೆಯ ಡಾನ್ ಕೇ ಶುರು ಮಾಡಿದರು. ಆಟವನ್ನು ಗೈಗ್ಯಾಕ್ಸ್ ಜೊತೆ ಸೇರಿ ಕಟ್ಟಿದವರು ಡೇವ್ ಆರ್ನೆಸನ್. ಅಚ್ಚು ಹಾಕಿಸಲು ದುಡ್ಡು ಸಾಲದೆ ಬ್ರಯಾನ್ ಬ್ಲೂಮ್ ಎಂಬುವರನ್ನು ಪಾಲುದಾರರಾಗಿ ಸೇರಿಸಿಕೊಂಡರು. 1974ರಲ್ಲಿ ಮೊದಲ ಮುದ್ರಣ 1,000 ಪ್ರತಿ, ಪೆಟ್ಟಿಗೆಗೆ 10 ಡಾಲರ್. ಪೆಟ್ಟಿಗೆಗಳನ್ನು ಮನೆಯಲ್ಲೇ ಕೂತು ಕೈಯಲ್ಲೇ ಜೋಡಿಸಿದರು. ಅಷ್ಟೂ ಖರ್ಚಾಯಿತು, ಮತ್ತೆ ಅಚ್ಚು ಹಾಕಿಸಿದರು. ನನಗೆ ಆ ಇಡೀ ಇತಿಹಾಸದಲ್ಲಿ ಇಷ್ಟವಾಗುವುದು ಇದೊಂದೇ ಭಾಗ. ಮಾರಿದ ದುಡ್ಡಿನಲ್ಲಿ ಮುಂದಿನದು.

1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ಅವರ ಪಾಲನ್ನು ಕೊಳ್ಳುವಷ್ಟು ದುಡ್ಡು ಗೈಗ್ಯಾಕ್ಸ್ ಹತ್ತಿರ ಇರಲಿಲ್ಲ. ಅದು ಬ್ಲೂಮ್ ಕುಟುಂಬಕ್ಕೆ ಹೋಯಿತು. ಆಮೇಲೆ ದುಡ್ಡು ಹರಿದುಬಂತು, ಕೈಯೂ ಸಡಿಲವಾಯಿತು. ಕಸೂತಿ ಕಿಟ್ ಮಾರುವ ಒಂದು ಕಂಪನಿಯನ್ನೂ ಕೊಂಡರು, ನಂಬಿ. 80ರ ದಶಕದ ನಡುವಿಗೆ ಸಾಲ ಕುತ್ತಿಗೆಗೆ ಬಂದಿತ್ತು. 1985ರಲ್ಲಿ ಬ್ಲೂಮ್ ಸೋದರರು ತಮ್ಮ ಷೇರುಗಳನ್ನು ಕಂಪನಿಯಲ್ಲೇ ಮ್ಯಾನೇಜರ್ ಆಗಿದ್ದ ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದರು. ಗೈಗ್ಯಾಕ್ಸ್ ಕೋರ್ಟಿಗೆ ಹೋಗಿ ಸೋತು, ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು.

ಆದರೆ ನನ್ನ ಕಥೆಗೆ ಬೇಕಾದದ್ದು ಇದಕ್ಕಿಂತ ಆಮೇಲಿನದು. ಟಿಎಸ್‌ಆರ್ ಸಾಮಾನನ್ನು ಪುಸ್ತಕದಂಗಡಿಗಳಿಗೆ ಹಂಚುತ್ತಿದ್ದದ್ದು ದೊಡ್ಡ ಪುಸ್ತಕ ಕಂಪನಿ ರ‍್ಯಾಂಡಮ್ ಹೌಸ್. ಪುಸ್ತಕ ಗಿರಾಕಿಯ ಕೈಗೆ ಹೋಗುವ ಮುಂಚೆಯೇ, ಮಾಲು ತಲುಪಿದ ಕೂಡಲೇ, ಅವರು ಟಿಎಸ್‌ಆರ್‌ಗೆ ಮುಂಗಡ ಕೊಡುತ್ತಿದ್ದರು. ಮಾರಾಟವಾಗದೆ ಉಳಿದದ್ದು ವಾಪಸ್ ಬಂದರೆ ಅದರ ದುಡ್ಡನ್ನು ಟಿಎಸ್‌ಆರ್ ಹಿಂದಕ್ಕೆ ಕೊಡಬೇಕು. ಈಗ ನೀವೇ ಹೇಳಿ, ಕೈ ಬರಿದಾದಾಗ ಕಂಪನಿ ಏನು ಮಾಡುತ್ತದೆ? ಇನ್ನೊಂದು ಪುಸ್ತಕ ಅಚ್ಚು ಹಾಕಿಸಿ ಕಳಿಸುತ್ತದೆ. ಯಾರಿಗೆ ಬೇಕು ಅನ್ನೋದು ಆಮೇಲೆ. ನಮ್ಮ ಚಿಕ್ಕಪೇಟೆಯಲ್ಲಿ ಇದಕ್ಕೆ ರೊಟೇಶನ್ ಅನ್ನುತ್ತಾರೆ.

ಸ್ಪೆಲ್‌ಜ್ಯಾಮರ್, ರೇವನ್‌ಲಾಫ್ಟ್, ಡಾರ್ಕ್ ಸನ್, ಪ್ಲೇನ್‌ಸ್ಕೇಪ್, ಬರ್ತ್‌ರೈಟ್ ಅಂತ ಆಟದ ಕಥೆ ನಡೆಯುವ ಲೋಕದ ಮೇಲೆ ಲೋಕ ಬಂದವು. ಒಂದೊಂದೂ ಸೊಗಸು. ಪ್ಲೇನ್‌ಸ್ಕೇಪ್ ಚಿತ್ರಗಳನ್ನು ಈಗಲೂ ಬಾಯಿಬಿಟ್ಟುಕೊಂಡು ನೋಡುತ್ತೇನೆ. ಆದರೆ ಒಂದು ಲೋಕದಲ್ಲಿ ಆಡುವವರು ಇನ್ನೊಂದರದ್ದನ್ನು ಕೊಳ್ಳಲಿಲ್ಲ, ಗಿರಾಕಿಗಳು ಹರಿದು ಹಂಚಿಹೋದರು. 1993ರಲ್ಲಿ ಬೇರೊಂದು ಆಟದ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್‌ನ ಮ್ಯಾಜಿಕ್ ಎಂಬ, ಕಾರ್ಡು ಕೂಡಿಸಿ ಆಡುವ ಆಟ ಹುಚ್ಚು ಹಿಡಿಸಿತು. ಟಿಎಸ್‌ಆರ್ ಅದರ ಬೆನ್ನು ಹತ್ತಿ ಡ್ರ್ಯಾಗನ್ ಡೈಸ್ ಅಂತ ದಾಳ ಕೂಡಿಸುವ ಆಟ ತಂದಿತು. ಹೌದು, ಅಲ್ಲೂ ದಾಳವೇ! ಜೊತೆಗೆ, ವರ್ಷಕ್ಕೆ ಒಂದೆರಡು ತರುತ್ತಿದ್ದ ಗಟ್ಟಿ ರಟ್ಟಿನ ಕಾದಂಬರಿಗಳನ್ನು 1996ರಲ್ಲಿ ಹನ್ನೆರಡಕ್ಕೆ ಏರಿಸಿದರು. ಆ ವರ್ಷ ಕಂಪನಿಯ ಮಾರಾಟ 4 ಕೋಟಿ ಡಾಲರ್. ಕೇಳಿದರೆ ಎಷ್ಟು ಗಟ್ಟಿ ಕಂಪನಿ ಅನಿಸುತ್ತದೆ ಅಲ್ವಾ? ರ‍್ಯಾಂಡಮ್ ಹೌಸ್‌ನಿಂದ ಉಳಿದ ಕಾದಂಬರಿ, ದಾಳ ಎಲ್ಲ ರಾಶಿರಾಶಿಯಾಗಿ ವಾಪಸ್ ಬಂತು, ಹಿಂದೆಯೇ ಬಿಲ್ಲೂ ಬಂತು. ಅಚ್ಚು ಮತ್ತು ಸಾಗಣೆಯವರಿಗೆ ಬಾಕಿ ಕೊಡಲು ಕಂಪನಿಗೆ ಆಗಲಿಲ್ಲ, ಅವರು ಕೆಲಸ ನಿಲ್ಲಿಸಿದರು. ಮುಖ್ಯ ಪುಸ್ತಕಗಳ ಅಚ್ಚಿನ ಪ್ಲೇಟುಗಳು ಅವರ ಹತ್ತಿರವೇ ಇದ್ದವು. ಮಾರಿ ಸಾಲ ತೀರಿಸೋಣ ಅಂದರೆ ಅಚ್ಚು ಹಾಕುವ ದಾರಿಯೇ ಇಲ್ಲ. 1997ಕ್ಕೆ ಸಾಲ 3 ಕೋಟಿ ಡಾಲರ್ ದಾಟಿತ್ತು. ಅದೇ ವರ್ಷ ವಿಝರ್ಡ್ಸ್ ಆಫ್ ದಿ ಕೋಸ್ಟ್ ಇಡೀ ಕಂಪನಿಯನ್ನು ಕೊಂಡುಕೊಂಡಿತು.

ಇಷ್ಟೆಲ್ಲ ಗೊತ್ತಿದ್ದವನು ಆ ಮೇಲ್ ಓದಿ ಏನು ಮಾಡಿದೆ? ಎರಡನೇ ಆಟಕ್ಕೂ ನನ್ನೊಬ್ಬನ ಲೆಕ್ಕದಲ್ಲಿ ₹2,400 ಕಟ್ಟಿದೆ. ಗೆಳೆಯರಿಗೆ ಇದನ್ನು ಹೇಳಿಲ್ಲ. ಇಲ್ಲಿ ಓದಿ ಬೈಯಲಿ.

ಆಮೇಲೆ ಮೂರನೆಯದೂ ಬಂತು. ಪ್ರತಿ ಸಲವೂ ಹೊಸ ಆಟದ ಚಿತ್ರ ಥಳಥಳ, ಹಳೆಯ ಪೆಟ್ಟಿಗೆಯ ಬಗ್ಗೆ ಕೊನೆಯಲ್ಲಿ ಒಂದು ಸಾಲು. 2023ರ ಕೊನೆಗೆ ಬಂದ ಮೇಲ್‌ನಲ್ಲಿ ನಿಜ ಹೊರಬಿತ್ತು: ಪುಸ್ತಕ ಅಚ್ಚಾಗಿದೆ, ಆದರೆ ಬಾಕಿ ಕೊಡುವವರೆಗೆ ಪ್ರೆಸ್ಸಿನವರು ಮಾಲು ಬಿಡುತ್ತಿಲ್ಲ. ನಮ್ಮ ದುಡ್ಡೆಲ್ಲ ಗೊಂಬೆಗೂ ದಾಳಕ್ಕೂ ಹೋಗಿತ್ತು. ಬ್ಯಾಂಕಿಗೆ ಬರೆದರೆ ದೂರಿನ ಅವಧಿ ಮುಗಿದಿದೆ ಅಂದರು. ಕ್ರೌಡ್‌ಫಂಡಿಂಗ್ ಸೈಟಿನವರು, ಇದು ಖರೀದಿಯಲ್ಲ, ನೀವು ಕೊಟ್ಟದ್ದು ಬೆಂಬಲ ಅಂತ ನಿಯಮ ತೋರಿಸಿದರು. ನಿಯಮದಲ್ಲಿ ಹಾಗೇ ಇದೆ, ನಾನು ಓದಿರಲಿಲ್ಲ.

ದಯವಿಟ್ಟು ದುಡ್ಡು ಕಟ್ಟುವ ಮುಂಚೆ ಅವರ ಹಿಂದಿನ ಆಟದ ಪುಟ ತೆರೆದು ಕಾಮೆಂಟ್ ಓದಿ, ಹೊಸದರ ಪುಟ ಆಮೇಲೆ ನೋಡಿ. ಹಳೆಯ ಪೆಟ್ಟಿಗೆ ಬೇರೆಯವರ ಮನೆ ಮೇಜಿನ ಮೇಲಿರುವ ಫೋಟೋ ಹುಡುಕಿ. ಪ್ರಕಾಶನದವರೇ ಹಾಕಿದ ಫೋಟೋ ಲೆಕ್ಕಕ್ಕಿಲ್ಲ. ಬರವಣಿಗೆ ಮುಗಿದಿದೆಯಾ ಅಂತ ನೇರವಾಗಿ ಕೇಳಿ. ಉಡುಗೊರೆಗಳ ಪಟ್ಟಿ ಬೆಳೆಯುತ್ತಿದ್ದರೆ ಹಿಂದೆ ಸರಿಯಿರಿ. ಆಸೆ ತಡೆಯದಿದ್ದರೆ ಪಿಡಿಎಫ್ ಮಾತ್ರ ತಗೊಳ್ಳಿ. ಗೆಳೆಯರ ದುಡ್ಡನ್ನಂತೂ ನಿಮ್ಮ ಕಾರ್ಡಿನಲ್ಲಿ ಕಟ್ಟಬೇಡಿ. ನಾನು ನಾಲ್ವರಿಗೂ ಕಂತಿನಲ್ಲಿ ವಾಪಸ್ ಕೊಡುತ್ತಿದ್ದೇನೆ. ಇಬ್ಬರು ಬೇಡ ಅಂದರು, ಒಬ್ಬಳು ಮಾತಾಡದೆ ತಗೊಂಡಳು.

ಹಸಿರು ದಾಳಗಳು ಇನ್ನೂ ಇವೆ. 6ರ ಕೆಳಗೆ ನನ್ನ ಮಗಳು ಬಿಳಿ ನೈಲ್ ಪಾಲಿಶ್‌ನಲ್ಲಿ ಗೆರೆ ಎಳೆದುಕೊಟ್ಟಿದ್ದಾಳೆ. ಎರಡು ಭಾನುವಾರಕ್ಕೆ ಸವೆದುಹೋಗುತ್ತದೆ, ಮತ್ತೆ ಎಳೆಯುತ್ತಾಳೆ.