ರೆಸಿಡೆನ್ಸಿ ‘ಪ್ಯಾಕೇಜ್’ಗೆ ದುಡ್ಡು ಕಟ್ಟುವ ಮುನ್ನ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಪದವಿಯ ನಂತರದ ಆಸ್ಪತ್ರೆ ತರಬೇತಿಗೆ) ಅರ್ಜಿ ಹಾಕಬೇಕೆಂದಿರುವ ಹೌಸ್‌ಸರ್ಜನ್‌ಗಳು, ಎಂಬಿಬಿಎಸ್ ಮುಗಿಸಿ ಕೂತವರು ದಯವಿಟ್ಟು ಪೂರ್ತಿ ಓದಿ. 2025ರ ಮ್ಯಾಚ್‌ಗೆ (ಅಭ್ಯರ್ಥಿಗಳನ್ನು ತರಬೇತಿ ಸೀಟುಗಳಿಗೆ ಹೊಂದಿಸುವ ವಾರ್ಷಿಕ ಪ್ರಕ್ರಿಯೆ) ಬೆಂಗಳೂರಿನ ಅಭ್ಯರ್ಥಿಯೊಬ್ಬರು ‘ಪ್ಯಾಕೇಜ್’ ಕೊಂಡು ತಮ್ಮ ಅರ್ಜಿಯ ಕೆಲಸವನ್ನೆಲ್ಲ ಒಂದು ಕನ್ಸಲ್ಟೆನ್ಸಿಗೆ ಒಪ್ಪಿಸಿದ್ದರು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಸ್ಟೆಪ್ 1 ಮೊದಲ ಸಲಕ್ಕೇ ಪಾಸು, ಸ್ಟೆಪ್ 2 ಸಿಕೆಯಲ್ಲಿ 250ರ ಮೇಲೆ ಅಂಕ. ಆಸ್ಪತ್ರೆಗಳ 180 ತರಬೇತಿ ಪ್ರೋಗ್ರಾಂಗಳಿಗೆ ಅರ್ಜಿ ಹೋಯಿತು, ಕೈಗೆ ಸಿಕ್ಕ ಸಂದರ್ಶನ ಒಂದೇ ಒಂದು. ಮ್ಯಾಚ್ ಆಗಲಿಲ್ಲ. ಅಂಕ ಸಾಲದೆ ಹೀಗಾಯಿತೆಂದು ಅವರು ತಿಂಗಳುಗಟ್ಟಲೆ ಕೊರಗಿದರು. ಅರ್ಜಿ ತೆರೆದು ನೋಡಿದರೆ ಕೆಟ್ಟದ್ದು ಬೇರೆಲ್ಲೋ.

ಮೊದಲ ಪೆಟ್ಟು ಇಮೇಲ್‌ನದು. ಅರ್ಜಿ ಹೋಗುವುದು ಇರಾಸ್ ಎಂಬ ವ್ಯವಸ್ಥೆಯ ಮೂಲಕ. ವಿದೇಶದಲ್ಲಿ ಓದಿದವರು ಅದಕ್ಕೆ ಬೇಕಾದ ಟೋಕನ್ ಅನ್ನು, ಅಂಥವರ ಅರ್ಹತೆಯನ್ನು ಪರಿಶೀಲಿಸುವ ಇಸಿಎಫ್‌ಎಂಜಿ ಸಂಸ್ಥೆಯಿಂದ ಪಡೆಯಬೇಕು. ಆ ಕನ್ಸಲ್ಟೆನ್ಸಿಯವರು ಖಾತೆ ತೆರೆದದ್ದು ತಮ್ಮದೇ ಇಮೇಲ್ ವಿಳಾಸ ಕೊಟ್ಟು. ಸಂದರ್ಶನದ ಕರೆ ಬರುವುದು ಅದೇ ವಿಳಾಸಕ್ಕೆ. ಇನ್ನೂ ಎರಡು ಕರೆಗಳು ಬಂದು ಬಿದ್ದಿದ್ದವು, ಅವರು ನೋಡಿ ತಿಳಿಸುವಷ್ಟರಲ್ಲಿ ದಿನಾಂಕಗಳೆಲ್ಲ ತುಂಬಿದ್ದವು. ಇನ್ನೂ ದೊಡ್ಡ ಅಪಾಯ ಬೇರೆಯಿದೆ. ಅರ್ಜಿಯನ್ನು ಸರ್ಟಿಫೈ ಮಾಡುವಾಗ ‘ಇಲ್ಲಿರುವುದೆಲ್ಲ ನಿಜ’ ಎಂದು ಒಪ್ಪಿಕೊಳ್ಳುವವರು ನೀವು. ಪಾಸ್‌ವರ್ಡ್ ಬೇರೆಯವರ ಕೈಲಿದ್ದರೂ ಹೊಣೆ ನಿಮ್ಮದೇ. ಸುಳ್ಳು ಸಿಕ್ಕಿಬಿದ್ದರೆ ಇಸಿಎಫ್‌ಎಂಜಿ ಅದನ್ನು ಅಕ್ರಮ ನಡವಳಿಕೆ ಎಂದು ದಾಖಲಿಸಬಹುದು. ಆ ಟಿಪ್ಪಣಿ ಪ್ರೋಗ್ರಾಂಗಳ ಕಣ್ಣಿಗೂ ಬೀಳುತ್ತದೆ.

ಎರಡನೆಯದು 180 ಎಂಬ ಸಂಖ್ಯೆ. ಆ ಸಾಲಿನಲ್ಲಿ ಮೊದಲ 30 ಅರ್ಜಿಗೆ ತಲಾ 11 ಡಾಲರ್, 31ರಿಂದ ಮುಂದಕ್ಕೆ ತಲಾ 30 ಡಾಲರ್ ಶುಲ್ಕವಿತ್ತು. ಅಂದರೆ ಮೊದಲ ಮೂವತ್ತಕ್ಕೆ 330, ಉಳಿದ ನೂರೈವತ್ತಕ್ಕೆ 4,500. ಒಟ್ಟು 4,830 ಡಾಲರ್, ಕನ್ಸಲ್ಟೆನ್ಸಿಯ ಫೀಸು ಬೇರೆ. ಆ ಪಟ್ಟಿಯಲ್ಲಿ ವೀಸಾ ಕೊಡದ ಪ್ರೋಗ್ರಾಂಗಳಿದ್ದವು, ಎಚ್-1ಬಿ ಎಂಬ ಕೆಲಸದ ವೀಸಾ ಮಾತ್ರ ಕೊಡುವವಿದ್ದವು (ಅದಕ್ಕೆ ಪರೀಕ್ಷೆಯ ಸ್ಟೆಪ್ 3 ಆಗಿರಬೇಕು, ಇವರದು ಆಗಿರಲಿಲ್ಲ), ಪದವಿ ಮುಗಿದು ಇಷ್ಟೇ ವರ್ಷ ಆಗಿರಬೇಕೆಂದು ಮಿತಿ ಹಾಕಿದವಿದ್ದವು. ಇಂಥವಕ್ಕೆ ಕಟ್ಟಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಜೊತೆಗೆ ಸುಮಾರು ಅರ್ಜಿಗಳು ಪ್ರಿಲಿಮಿನರಿ ಸೀಟಿಗೆ ಹೋಗಿದ್ದವು. ಇಂಟರ್ನಲ್ ಮೆಡಿಸಿನ್‌ನಲ್ಲಿ ಕೆಟಗರಿಕಲ್ ಎಂದರೆ ಮೂರು ವರ್ಷದ ಪೂರ್ತಿ ತರಬೇತಿ, ಪ್ರಿಲಿಮಿನರಿ ಎಂದರೆ ಒಂದೇ ವರ್ಷ. ವರ್ಷ ಮುಗಿದ ಮೇಲೆ ಮುಂದಿನ ಸೀಟನ್ನು ನೀವೇ ಹುಡುಕಿಕೊಳ್ಳಬೇಕು.

ಪಟ್ಟಿಯನ್ನು ಸ್ವಂತ ಕೈಯಿಂದ ಮಾಡಿ. ಅಮೆರಿಕದ ವೈದ್ಯರ ಸಂಘ ಎಎಂಎಯ ಫ್ರೀಡಾ ಪಟ್ಟಿ, ಇರಾಸ್ ನಡೆಸುವ ಎಎಎಂಸಿಯ ರೆಸಿಡೆನ್ಸಿ ಎಕ್ಸ್‌ಪ್ಲೋರರ್, ಆಮೇಲೆ ಆಯಾ ಪ್ರೋಗ್ರಾಂನ ಜಾಲತಾಣ, ಈ ಮೂರನ್ನೂ ಹೋಲಿಸಿ ಒಂದು ಎಕ್ಸೆಲ್ ಹಾಳೆ ತುಂಬಿಸಿ. ವೀಸಾ, ಪದವಿಯ ವರ್ಷದ ಮಿತಿ, ಎಷ್ಟನೇ ಪ್ರಯತ್ನದಲ್ಲಿ ಪಾಸಾಗಿರಬೇಕು, ಅಮೆರಿಕದ ಕ್ಲಿನಿಕಲ್ ಅನುಭವ ಕೇಳುತ್ತಾರೆಯೇ, ಈಗಿರುವ ರೆಸಿಡೆಂಟರಲ್ಲಿ ವಿದೇಶದಲ್ಲಿ ಓದಿದವರೆಷ್ಟು ಎಂಬ ಐದು ಕಾಲಂ ಸಾಕು. ರೆಸಿಡೆಂಟರ ಫೋಟೋ ಪುಟವನ್ನು ನೋಡದೆ ಯಾವ ಹೆಸರನ್ನೂ ಸೇರಿಸಬೇಡಿ. ಮೂರು ವರ್ಷದ ಬ್ಯಾಚ್‌ಗಳಲ್ಲಿ ಹೊರದೇಶದ ಕಾಲೇಜಿನವರು ಒಬ್ಬರೂ ಇಲ್ಲದಿದ್ದರೆ ನಿಮಗೆ ಸಿಗಬೇಕಾದ ಉತ್ತರ ಅಲ್ಲೇ ಸಿಕ್ಕಿದೆ.

ಸಿಗ್ನಲ್‌ಗಳ ವಿಷಯ ಹೇಳಲು ನಿಜಕ್ಕೂ ಸಂಕಟವಾಗುತ್ತದೆ. ಆ ಸಾಲಿನಲ್ಲಿ ಇಂಟರ್ನಲ್ ಮೆಡಿಸಿನ್‌ಗೆ 3 ಗೋಲ್ಡ್, 12 ಸಿಲ್ವರ್ ಸಿಗ್ನಲ್‌ಗಳಿದ್ದವು. ‘ನಿಮ್ಮಲ್ಲಿಗೇ ಬರಬೇಕೆಂಬ ಆಸೆ ನನಗಿದೆ’ ಎಂದು ಹೇಳಲು ಇರುವ ಹದಿನೈದೇ ಅವಕಾಶ. ಮೂರೂ ಗೋಲ್ಡ್ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಪಾಲಾದವು. ಈ ಅಭ್ಯರ್ಥಿ ನಾಲ್ಕು ವಾರ ಅಬ್ಸರ್ವರ್‌ಶಿಪ್ (ನೋಡಿ ಕಲಿಯುವ ತರಬೇತಿ) ಮಾಡಿದ ಸಮುದಾಯ ಆಸ್ಪತ್ರೆಗೆ ಸಿಲ್ವರ್ ಕೂಡ ಹೋಗಿರಲಿಲ್ಲ. ‘ಅಲ್ಲಿ ಪರಿಚಯ ಇದೆಯಲ್ಲ, ಸಿಗ್ನಲ್ ಯಾಕೆ’ ಎಂದು ಕನ್ಸಲ್ಟೆನ್ಸಿಯವರು ಅಂದಿದ್ದರಂತೆ. ಲೆಕ್ಕ ಇರುವುದು ತಿರುಗುಮುರುಗು. ನಿಮ್ಮನ್ನು ಬಲ್ಲ ಜಾಗಕ್ಕೇ ನೀವು ಸಿಗ್ನಲ್ ಕಳಿಸದಿದ್ದರೆ ಆಸಕ್ತಿ ಇಲ್ಲವೆಂದೇ ಅವರು ತಿಳಿಯುತ್ತಾರೆ.

ಶಿಫಾರಸು ಪತ್ರಗಳಿಗೆ ಬರೋಣ. ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ ನಾಲ್ಕು ಕಳಿಸಬಹುದು. ಪತ್ರವನ್ನು ಬರೆದ ವೈದ್ಯರು ಅಥವಾ ಅವರು ನೇಮಿಸಿದವರು ಪೋರ್ಟಲ್‌ಗೆ ಹಾಕಬೇಕು, ಅಭ್ಯರ್ಥಿ ಹಾಕುವಂತಿಲ್ಲ. ‘ಪತ್ರ ನಾವೇ ಅಪ್‌ಲೋಡ್ ಮಾಡಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಎದ್ದು ಬನ್ನಿ. ಇವರ ಮೂರು ಪತ್ರಗಳು ದುಡ್ಡು ಕೊಟ್ಟು ಸೇರಿದ ಖಾಸಗಿ ಕ್ಲಿನಿಕ್ಕಿನವು. ‘ಶ್ರಮಜೀವಿ, ಸಮಯಪಾಲಕಿ, ತಂಡದಲ್ಲಿ ಹೊಂದಿಕೊಳ್ಳುತ್ತಾರೆ’ ಎಂಬ ಮಾತಿನ ಹೊರತು ಏನೂ ಇರಲಿಲ್ಲ. ಓದುವವರಿಗೆ ಬೇಕಾದದ್ದು ಬೇರೆ: ಕೇಸ್ ಹೇಗೆ ಪ್ರೆಸೆಂಟ್ ಮಾಡಿದರು, ಡಿಫರೆನ್ಷಿಯಲ್ (ಇರಬಹುದಾದ ರೋಗಗಳ ಪಟ್ಟಿ) ಹೇಗೆ ಕಟ್ಟಿದರು, ತಪ್ಪು ತೋರಿಸಿದ ಮೇಲೆ ಮರುದಿನ ಏನು ಬದಲಾಯಿತು. ಇದನ್ನು ಬರೆಯಬಲ್ಲವರು ವಾರ್ಡಿನಲ್ಲಿ ತಿಂಗಳುಗಟ್ಟಲೆ ನಿಮ್ಮನ್ನು ಕಂಡ ನಿಮ್ಮ ಮೆಡಿಸಿನ್ ಯೂನಿಟ್ ಚೀಫ್. ಊರಿನ ಪತ್ರಕ್ಕೆ ಬೆಲೆಯಿಲ್ಲ ಎಂಬುದು ತಪ್ಪು ಕಲ್ಪನೆ. ಕ್ರಿಮಿನಾಶಕ ಕುಡಿದು ಬಂದವರಿಗೆ ರಾತ್ರಿಯಿಡೀ ಅಟ್ರೋಪಿನ್ ಕೊಡುತ್ತ ಕೂತದ್ದು, ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುವುದನ್ನು 20 ನಿಮಿಷದ ಗಾಜಿನ ನಳಿಕೆಯಲ್ಲಿ ನೋಡಿದ್ದು ಒಬ್ಬ ಪ್ರೊಫೆಸರರ ಕೈಯಲ್ಲಿ ಬರಹವಾದರೆ ಅದಕ್ಕೆ ಸಮನಾದ ಪತ್ರವಿಲ್ಲ. ಅಮೆರಿಕದ ಎರಡು, ಊರಿನ ಒಂದು ಅಥವಾ ಎರಡು, ಎಲ್ಲವೂ ಆದಷ್ಟು ಮೆಡಿಸಿನ್‌ನವರದೇ ಇರಲಿ. ಪತ್ರ ಓದುವ ಹಕ್ಕನ್ನು ಬಿಟ್ಟುಕೊಡುವ ಆಯ್ಕೆಯನ್ನು ಮರೆಯದೆ ಗುರುತಿಸಿ.

ತಮ್ಮ ಬಗ್ಗೆ ತಾವೇ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್ ಕೂಡ ಕೊಂಡದ್ದು. ಹೀಗೆ ಮಾರಿದ ಬರಹ ಬೇರೆಯವರ ಅರ್ಜಿಯಲ್ಲೂ ಇರಬಹುದು, ಹೋಲಿಕೆ ಪತ್ತೆಯಾದರೆ ಎಎಎಂಸಿ ತನಿಖೆ ಮಾಡಬಹುದು. ಒಂದು ಪುಟ, ನಿಮ್ಮದೇ ಮಾತು, ಅಷ್ಟು ಸಾಕು. ಅನುಭವಗಳ ಭಾಗದಲ್ಲಿ ಹತ್ತಕ್ಕೆ ಮಾತ್ರ ಜಾಗ, ಅದರಲ್ಲಿ ಮೂರರವರೆಗೆ ಅತಿ ಮುಖ್ಯವೆಂದು ಗುರುತಿಸಬಹುದು. ಪ್ರತಿಯೊಂದರ ವಿವರಣೆಗೆ 750 ಅಕ್ಷರ. ಇವರ ಹತ್ತರಲ್ಲಿ ಐದು ದುಡ್ಡು ಕೊಟ್ಟು ಹೆಸರು ಸೇರಿಸಿದ ಸಂಶೋಧನೆಗಳೇ. ಸಿಕ್ಕ ಒಂದೇ ಸಂದರ್ಶನದಲ್ಲಿ ‘ಈ ಪ್ರಬಂಧದಲ್ಲಿ ನಿಮ್ಮ ಕೆಲಸವೇನು’ ಎಂದು ಕೇಳಿದಾಗ ಉತ್ತರವಿರಲಿಲ್ಲ.

ದಿನಾಂಕವೂ ತಪ್ಪಿತ್ತು. 2024ರಲ್ಲಿ ಪ್ರೋಗ್ರಾಂಗಳಿಗೆ ಅರ್ಜಿ ಕಾಣಿಸತೊಡಗಿದ್ದು ಸೆಪ್ಟೆಂಬರ್ 25ಕ್ಕೆ. ಇವರದು ಹೋದದ್ದು ಅಕ್ಟೋಬರ್ ಕೊನೆಗೆ, ಏಕೆಂದರೆ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ಮತ್ತು ಡೀನ್ ಪತ್ರವನ್ನು ಯಾರೂ ಕೇಳಿರಲೇ ಇಲ್ಲ. ಸ್ಟೆಪ್ 2 ಸಿಕೆ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಹಾಗಾಗಿ ಆಗಸ್ಟ್ ಮೊದಲ ವಾರ ದಾಟಿ ಪರೀಕ್ಷೆ ಇಟ್ಟುಕೊಳ್ಳಬೇಡಿ. ಕಾಲೇಜು ಕಚೇರಿಯ ಕೆಲಸ ಜೂನ್‌ನಲ್ಲೇ ಶುರುಮಾಡಿ. ಮ್ಯಾಚ್‌ಗೆ ಅದನ್ನು ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯಲ್ಲಿ ಬೇರೆಯಾಗಿ ನೋಂದಾಯಿಸಬೇಕು ಎನ್ನುವುದೂ ನೆನಪಿರಲಿ. ಇರಾಸ್ ತುಂಬಿದರೆ ಅದು ತಾನಾಗಿ ಆಗುವುದಿಲ್ಲ.

‘ಮ್ಯಾಚ್‌ಗೆ ಮೊದಲೇ ಸೀಟು ಕೊಡಿಸುತ್ತೇವೆ’ ಎಂಬ ಮಾತನ್ನು ನಂಬಲೇಬೇಡಿ. ಎನ್‌ಆರ್‌ಎಂಪಿಯ ನಿಯಮದಂತೆ ಮ್ಯಾಚ್‌ಗೆ ಸೇರಿದ ಪ್ರೋಗ್ರಾಂ ತನ್ನ ಎಲ್ಲ ಸೀಟುಗಳನ್ನೂ ಅದರ ಮೂಲಕವೇ ತುಂಬಬೇಕು. ಮ್ಯಾಚ್ ಆಗದವರು ಉಳಿದ ಸೀಟುಗಳನ್ನು ತುಂಬುವ ಸೋಪ್ ಸುತ್ತಿನಲ್ಲಿ 45 ಅರ್ಜಿವರೆಗೆ ಹಾಕಬಹುದು, ಆದರೆ ಪ್ರೋಗ್ರಾಂ ತಾನಾಗಿ ಸಂಪರ್ಕಿಸುವವರೆಗೆ ನೀವಾಗಲಿ ನಿಮ್ಮ ಪರವಾಗಿ ಬೇರೆಯವರಾಗಲಿ ಫೋನು, ಇಮೇಲ್ ಮಾಡುವಂತಿಲ್ಲ. ಈ ಕನ್ಸಲ್ಟೆನ್ಸಿ ಅದಕ್ಕೂ ಕೈಹಾಕಿತ್ತು. ಅಭ್ಯರ್ಥಿ ಗಮನಿಸಿ ತಡೆದದ್ದರಿಂದ ಅದೊಂದು ತಪ್ಪಿತು.

ಈಗಾಗಲೇ ಇಂಥವರಿಗೆ ದುಡ್ಡು ಕಟ್ಟಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ. ಸರ್ಟಿಫೈ ಆದ ಮೇಲೂ ಇಮೇಲ್, ಫೋನ್ ನಂಬರ್ ತಿದ್ದಲು ಬರುತ್ತದೆ. ಅನುಭವಗಳ ಭಾಗ ಮಾತ್ರ ತಿದ್ದಲು ಬರುವುದಿಲ್ಲ, ಆದ್ದರಿಂದ ಸರ್ಟಿಫೈ ಆಗಿಲ್ಲವಾದರೆ ಆ ಹತ್ತನ್ನೂ ಮೊದಲು ತೆರೆದು ನೋಡಿ, ನೀವು ಮಾಡದ ಕೆಲಸ ಒಂದಿದ್ದರೂ ಅಳಿಸಿ.