ಇಂಬಳದ ಕಾಲುಚೀಲ: ಹಲವು ಮಳೆಗಾಲ ನಡೆದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇಂಬಳದ ಕಾಲುಚೀಲ ಇಂಬಳವನ್ನು, ಅಂದರೆ ಕಾಡಿನ ಜಿಗಣೆಯನ್ನು, ತಡೆಯುವುದಿಲ್ಲ, ಮೇಲಕ್ಕೆ ಕಳುಹಿಸುತ್ತದೆ. ಬೆರಳ ಸಂದಿಯಲ್ಲಿ ಕಾಣದಂತೆ ಕುಳಿತು ರಕ್ತ ಹೀರಬೇಕಾಗಿದ್ದ ಹುಳು ಈಗ ಬಟ್ಟೆಯ ಮೇಲೆ ಮೊಣಕಾಲಿನವರೆಗೆ ಹತ್ತಿ ಬರಬೇಕು. ಆ ಒಂದೂವರೆ ಅಡಿ ದಾರಿಯಲ್ಲಿ ಅದು ಕಣ್ಣಿಗೆ ಬಿದ್ದರೆ ಕಿತ್ತು ಎಸೆಯಬಹುದು. ನಾವು ದುಡ್ಡು ಕೊಡುವುದು ಈ ಒಂದು ಅವಕಾಶಕ್ಕೆ. ಅದಕ್ಕೆ ನನ್ನ ಕಡೆಯಿಂದ ಐದಕ್ಕೆ ಮೂರೂವರೆ ಅಂಕ. ಪೊಟ್ಟಣದ ಮೇಲೆ ಮುದ್ರಿಸಿರುವ ‘ನೂರಕ್ಕೆ ನೂರು ರಕ್ಷಣೆ’ಗೆ ಸೊನ್ನೆ.

ತಯಾರಕರ ಹೆಸರು ಬರೆಯುತ್ತಿಲ್ಲ. ಒಂದೇ ಬಗೆಯ ಸರಕು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಒಂದರ ದೋಷ ಎಲ್ಲದರಲ್ಲೂ ಇದೆ. ನೋಡಲು ಇಷ್ಟೇ: ಒತ್ತಾಗಿ ನೇಯ್ದ ಬಟ್ಟೆಯ ಉದ್ದನೆಯ ಚೀಲ. ಮಾಮೂಲಿ ಕಾಲುಚೀಲದ ಮೇಲೆ, ಬೂಟಿನ ಒಳಗೆ ಹಾಕಿಕೊಂಡು, ಪ್ಯಾಂಟಿನ ಕಾಲನ್ನು ಅದರೊಳಗೆ ಸೇರಿಸಿ, ಮೊಣಕಾಲಿನ ಕೆಳಗೆ ಬಿಗಿಯಬೇಕು. ಹೆಣೆದ ಕಾಲುಚೀಲದ ಕಣ್ಣುಗಳ ಮೂಲಕ ಇಂಬಳ ಬಾಯಿ ತೂರಿಸುತ್ತದೆ, ಒತ್ತು ನೇಯ್ಗೆಯಲ್ಲಿ ಅದಕ್ಕೆ ಸಂದು ಸಿಗುವುದಿಲ್ಲ.

ಒಂದು ಹಗಲಿನ ಸುತ್ತಾಟಕ್ಕೆ ಇದು ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಮಲೆನಾಡಿನ ಕುಂದಾದ್ರಿ ಬೆಟ್ಟದ ನೆತ್ತಿಯವರೆಗೆ ಟಾರು ರಸ್ತೆ ಇದೆ, ಕೊಡಚಾದ್ರಿಗೆ ಹೋಗುವವರಲ್ಲಿ ಬಹುಪಾಲು ಜನ ಜೀಪಿನಲ್ಲಿ ಎಲುಬು ಎಣಿಸಿಕೊಂಡು ಹೋಗುತ್ತಾರೆ. ನಮ್ಮ ಗುಂಪಿನ ಗೀಳು ಬೇರೆ. ತೀರ್ಥಹಳ್ಳಿಯಿಂದ ಕವಲೇದುರ್ಗ, ಅಲ್ಲಿಂದ ನಗರ ಎಂಬ ಊರು, ಸಂಪೆಕಟ್ಟೆ, ಕಟ್ಟಿನಹೊಳೆ, ಕೊನೆಗೆ 1343 ಮೀಟರ್ ಎತ್ತರದ ಕೊಡಚಾದ್ರಿ, ಹೀಗೆ ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಹೋಗುತ್ತೇವೆ, ಅದೂ ಮಳೆಗಾಲದಲ್ಲಿ. ಡೇರೆ ಹೊರುವುದಿಲ್ಲ. ಕಾಡಿನೊಳಗೆ ರಾತ್ರಿ ಡೇರೆ ಹಾಕಲು ಬಿಡುವುದಿಲ್ಲ, ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ 2024ರಿಂದ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸುವ ವ್ಯವಸ್ಥೆ ಬಂದಿದೆ. ಹಾಗಾಗಿ ಪರಿಚಯದವರ ಮನೆ, ಹೋಂಸ್ಟೇ, ದೇವಸ್ಥಾನದ ವಸತಿ ಎಂದು ಸೂರಿನಿಂದ ಸೂರಿಗೆ ನಡೆಯುವುದು. ನಡುವೆ ಡಾಂಬರು ರಸ್ತೆ, ಅಡಿಕೆ ತೋಟದ ಅಗಳು, ಗದ್ದೆಯ ಅಂಚು, ಸೊಪ್ಪಿನ ಬೆಟ್ಟ, ಕಾನು ಎಂಬ ದಟ್ಟ ಕಾಡು ಎಲ್ಲವೂ ಬರುತ್ತವೆ. ಡಾಂಬರಿನ ಮೇಲೆ ಇಂಬಳ ಅಪರೂಪ. ದರಗು, ಅಂದರೆ ತರಗೆಲೆ, ಬಿದ್ದ ನೆರಳಿನ ದಾರಿಗೆ ಇಳಿದೊಡನೆ ಹಾಜರ್.

ಅದಕ್ಕೆ ಕಣ್ಣಿಗಿಂತ ನೆಲದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖ್ಯ. ಎರಡು ತುದಿಗೂ ಹೀರುಬಟ್ಟಲು ಇರುವುದರಿಂದ ಗೇಣು ಹಾಕುತ್ತಾ ಬರುತ್ತದೆ. ನಮ್ಮ ಸಾಲಿನಲ್ಲಿ ಮುಂದೆ ಹೋಗುವವನು ಅವುಗಳನ್ನು ಎಬ್ಬಿಸುತ್ತಾನೆ, ಹಿಂದೆ ಬರುವವರು ಬಲಿಯಾಗುತ್ತಾರೆ. ಆದ್ದರಿಂದಲೇ ಎಲ್ಲರಿಗೂ ಹುಲಿಯ ಭಯವಿಲ್ಲದೆ ಮುಂದೆ ಹೋಗುವ ಉತ್ಸಾಹ. ಕಚ್ಚಿದ್ದು ತಿಳಿಯುವುದೇ ಇಲ್ಲ. ಜೊಲ್ಲಿನಲ್ಲಿರುವ ವಸ್ತುಗಳು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದರಿಂದ, ಅದು ಕುಡಿದು ಉದುರಿ ಹೋದ ಮೇಲೂ ಗಾಯ ಗಂಟೆಗಟ್ಟಲೆ ಒಸರುತ್ತಿರುತ್ತದೆ. ಪ್ರಾಣಕ್ಕೆ ಅಪಾಯವೇನಿಲ್ಲ. ಊರಿನವರು ಪತ್ರಿಕೆಯ ತುಂಡೊಂದನ್ನು ಗಾಯಕ್ಕೆ ಅಂಟಿಸಿ ಕೆಲಸ ಮುಂದುವರಿಸುತ್ತಾರೆ.

ಹಾಗಾದರೆ ಕಾಲುಚೀಲದ ಗೋಜೇಕೆ? ಮೊದಲ ದಿನ ಕಚ್ಚಿದ್ದು ತಮಾಷೆ, ಚಿತ್ರ ತೆಗೆದು ಮನೆಯವರಿಗೆ ಕಳುಹಿಸುತ್ತೇವೆ. ಎರಡನೆಯ ದಿನ ಅದೇ ಜಾಗ ತುರಿಸಲು ಶುರುವಾಗುತ್ತದೆ. ಮೂರನೆಯ ದಿನ ಒದ್ದೆ ಬೂಟಿನೊಳಗೆ ಕೆರೆದುಕೊಂಡ ಗಾಯ ಕೆಂಪಾಗಿ ಬಾತುಕೊಂಡಿರುತ್ತದೆ, ನಾಲ್ಕನೆಯ ದಿನ ಸಹಚಾರಣಿಗ ಸಾಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿರುತ್ತಾನೆ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ. ಕಾಲುಚೀಲ ಇಲ್ಲದೆ ಕಾನಿನಲ್ಲಿ ನಡೆಯುವವರು ಕಾಡು ನೋಡುವುದಿಲ್ಲ, ಹತ್ತು ಹೆಜ್ಜೆಗೊಮ್ಮೆ ನಿಂತು ತಮ್ಮ ಬೂಟನ್ನೇ ನೋಡಿಕೊಳ್ಳುತ್ತಾರೆ. ನಿಂತಷ್ಟೂ ಇನ್ನಷ್ಟು ಹತ್ತುತ್ತವೆ. ಕಾಲುಚೀಲ ಇದ್ದರೆ ನಡಿಗೆಯ ಲಯ ಕೆಡುವುದಿಲ್ಲ. ಹಳ್ಳದ ಬಂಡೆಯೋ ರಸ್ತೆಯೋ ಸಿಕ್ಕಾಗ ಒಂದೇ ಸಲ ನೋಡಿ ಗುಡಿಸಿ ಹಾಕಿದರೆ ಆಯಿತು.

ಈಗ ದೋಷಗಳಿಗೆ ಬರೋಣ. ಮೊದಲನೆಯದು ಬಣ್ಣ. ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಕಪ್ಪು ಅಥವಾ ಸೈನ್ಯದ ಹಸಿರು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಕಂದು ಹುಳುವನ್ನು ಕಪ್ಪು ಬಟ್ಟೆಯ ಮೇಲೆ ಹುಡುಕುವುದು ಹೇಗೆ? ಅದು ಕಾಣಿಸುವುದೇ ಈ ವಸ್ತುವಿನ ಅರ್ಧ ಉಪಯೋಗ ಎಂದ ಮೇಲೆ, ಗಾಢ ಬಣ್ಣದ್ದು ಅರ್ಧ ಬೆಲೆಗೂ ಬೇಡ. ಬಿಳಿ ಕೊಳೆಯಾಗುತ್ತದೆ ಎನ್ನುತ್ತಾರೆ. ಆಗಲಿ, ಮಲೆನಾಡಿನ ಕೆಸರು ಯಾವ ಬಣ್ಣವನ್ನೂ ಬಿಡುವುದಿಲ್ಲ.

ಎರಡನೆಯದು, ‘ನೀರು ನಿರೋಧಕ’ ಎಂಬ ಲೇಪನದ ಬಟ್ಟೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಹುಲಿಕಲ್, ಮಾಸ್ತಿಕಟ್ಟೆಯ ಕಡೆಯೂ ಮಳೆ ಕಡಿಮೆಯೇನಲ್ಲ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದುಕೊಂಡಾಗ ಸಂಕ (ಕಾಲುಸೇತುವೆ) ಮುಳುಗಿದ ಹಳ್ಳವನ್ನು ಮೊಣಕಾಲುದ್ದ ನೀರಿನಲ್ಲಿ ದಾಟಬೇಕಾಗುತ್ತದೆ. ನೀರು ಮೇಲಿನಿಂದ ಒಳಗೆ ಬಂದೇ ಬರುತ್ತದೆ. ಲೇಪನದ ಬಟ್ಟೆಯಲ್ಲಿ ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ. ಸಂಜೆ ಬಿಚ್ಚಿದಾಗ ಪಾದ ಬೆಳ್ಳಗೆ ಸುಕ್ಕುಗಟ್ಟಿ, ಚರ್ಮ ಉಜ್ಜಿದರೆ ಕೈಗೆ ಬರುವಂತಾಗಿರುತ್ತದೆ. ಸಾದಾ ಹತ್ತಿ ಬಟ್ಟೆ ನೆನೆಯುತ್ತದೆ, ಆದರೆ ಹಳ್ಳ ದಾಟಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ನೀರು ಬಿಡುತ್ತದೆ.

ಮೂರನೆಯದು ಹೊಲಿಗೆ. ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ, ಒಂದು ದಿನ ಹಾಕಿದವರಿಗೆ ಗೊತ್ತೂ ಆಗುವುದಿಲ್ಲ. ಅಗ್ಗದ ಚೀಲಗಳಲ್ಲಿ ಎರಡು ಪದರ ಸೇರುವ ಹೊಲಿಗೆಯ ಏಣು ಸರಿಯಾಗಿ ಬೆರಳುಗಳ ತುದಿಗೆ ಅಥವಾ ಅಂಗಾಲಿನ ನಡುವೆ ಬರುತ್ತದೆ. ನಗರದ ಕೋಟೆ ತಲುಪುವವರೆಗೆ ಅದು ಇದೆಯೆಂದೂ ತಿಳಿಯುವುದಿಲ್ಲ. ಮರುದಿನ ಇಳಿಜಾರಿನಲ್ಲಿ ಬೆರಳುಗಳು ಬೂಟಿನ ಮುಂಭಾಗಕ್ಕೆ ಒತ್ತಿದಾಗ ಆ ಏಣಿನ ಉದ್ದಕ್ಕೂ ಬೊಬ್ಬೆ ಏಳುತ್ತವೆ. ನನ್ನ ಮೊದಲ ಜೋಡಿ ಮಾಡಿದ್ದು ಇದನ್ನೇ. ಇಂಬಳದ ಕಡಿತಕ್ಕಿಂತ ಇಂಬಳದ ಕಾಲುಚೀಲದ ಬೊಬ್ಬೆಯೇ ಹೆಚ್ಚು ನೋಯಿಸಿತು! ಒಗೆದ ಮೇಲೆ ಬಟ್ಟೆ ಕುಗ್ಗಿ ಇನ್ನಷ್ಟು ಬಿಗಿಯಾಯಿತು. ಮೇಲ್ತುದಿಯ ಎಲಾಸ್ಟಿಕ್ ಎರಡನೆಯ ಮಳೆಗಾಲಕ್ಕೆ ಸಡಿಲಾಗಿ, ಚೀಲ ಕಣಕಾಲಿಗೆ ಜಾರಿ ಕೂರತೊಡಗಿತು. 400 ರೂಪಾಯಿ ಕೊಟ್ಟಿದ್ದಕ್ಕೆ ಇಷ್ಟು ಬೇಗ ಹಾಳಾಗಬಾರದಿತ್ತು.

ಆಮೇಲಿನ ಜೋಡಿಗಳನ್ನು ತೀರ್ಥಹಳ್ಳಿಯ ದರ್ಜಿಯೊಬ್ಬರು ಹೊಲಿದುಕೊಟ್ಟರು. ಬಿಳಿ ಪಾಪ್ಲಿನ್ ಬಟ್ಟೆ, ಸೀರೆಯ ಒಳಲಂಗಕ್ಕೆ ತರುತ್ತಾರಲ್ಲ, ಅದೇ. ಎಲಾಸ್ಟಿಕ್ ಬದಲು ಲಾಡಿ. ಮೊದಲ ಸಲ ಅದನ್ನು ಹಾಕಿಕೊಂಡು ಸಂಪೆಕಟ್ಟೆಯ ಹತ್ತಿರದ ಒಂದು ಮನೆಯ ಅಂಗಳಕ್ಕೆ ಹೋದಾಗ ಆ ಮನೆಯ ಅಮ್ಮ ಬಾಗಿಲಲ್ಲೇ ನಿಂತು, “ಇದೇನು ತಮ್ಮಾ, ಕಾಲಿಗೂ ಲಂಗ ಹೊಲಿಸಿದ್ದೀರಾ?” ಎಂದರು. ಮನೆಯಲ್ಲಿದ್ದವರೆಲ್ಲ ಬಂದು ನೋಡಿ ನಕ್ಕರು. ಅವರ ಮಗ ತೋಟಕ್ಕೆ ಹೋಗುವುದು ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ, ಕೈಯಲ್ಲಿ ಉಪ್ಪಿನ ಗಂಟು ಕಟ್ಟಿದ ಕೋಲು. ಹತ್ತಿದ ಇಂಬಳಕ್ಕೆ ಒದ್ದೆ ಗಂಟು ಮುಟ್ಟಿಸಿದರೆ ಸುರುಟಿ ಬೀಳುತ್ತದೆ. ಎಲೆಯಡಿಕೆ ಹಾಕುವವರ ಬಳಿ ಸುಣ್ಣದ ಡಬ್ಬಿ ಹೇಗೂ ಇರುತ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಕಾಲು ತೊಳೆಯುವವರಿಗೆ ಅಷ್ಟು ಧಾರಾಳವಾಗಿ ಸಾಕು. ರಬ್ಬರ್ ಬೂಟಿನಲ್ಲಿ ಕೊಡಚಾದ್ರಿ ಹತ್ತಿದರೆ ಮಾತ್ರ ಹಿಮ್ಮಡಿ ಉಳಿಯುವುದಿಲ್ಲ.

ಉಪ್ಪು, ಸುಣ್ಣ, ಹೊಗೆಸೊಪ್ಪು ಇವನ್ನು ಕಾಲುಚೀಲಕ್ಕೆ ಬಳಿಯಬಹುದೇ ಎಂದು ಕೇಳುವವರಿದ್ದಾರೆ. ಉಪ್ಪು ಜಡಿಮಳೆಯಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ಸುಣ್ಣ ನೆನೆದು ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ದಿನವಿಡೀ ಕಾಲಿಗೆ ಸುತ್ತಿಕೊಳ್ಳುವುದು ಬೇಡವೇ ಬೇಡ. ಒದ್ದೆ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರಿ ತಲೆ ಸುತ್ತಿಸುತ್ತದೆ. ನಮಗೆ ಒಗ್ಗಿದ್ದು ಬಟ್ಟೆ ಒಗೆಯುವ ಬಾರ್ ಸೋಪು. ಲಾಡಿಯ ಕೆಳಗೆ ನಾಲ್ಕು ಬೆರಳು ಅಗಲ ಗಟ್ಟಿಯಾಗಿ ಉಜ್ಜಿಕೊಂಡರೆ ಮೇಲೆ ಹತ್ತುವ ಇಂಬಳ ಅಲ್ಲಿ ತಡವರಿಸುತ್ತದೆ. ಮಧ್ಯಾಹ್ನ ಇನ್ನೊಮ್ಮೆ ಉಜ್ಜಬೇಕು. ಆಗಲೇ ಕಚ್ಚಿ ಕುಳಿತಿದ್ದರೆ ಉಗುರನ್ನು ಬಾಯಿಯ ಪಕ್ಕದಲ್ಲಿ ತೂರಿಸಿ ಜಾರಿಸಿ ಬಿಡಿಸುವುದೇ ಒಳ್ಳೆಯದು, ಎಳೆದು ಕೀಳಬಾರದು.

ದಿನಚರಿಯಲ್ಲಿ ಕಾಲುಚೀಲದ ಪಾಲು ಹೀಗಿರುತ್ತದೆ. ಬೆಳಿಗ್ಗೆ ಕಡುಬೋ ಅಕ್ಕಿ ರೊಟ್ಟಿಯೋ ತಿಂದು, ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ, ತಣ್ಣಗಿರುವ ಅರೆ ಒಣಗಿದ ಚೀಲದೊಳಗೆ ಕಾಲು ತೂರಿಸುವುದು ಆ ದಿನದ ಅತ್ಯಂತ ಅಪ್ರಿಯ ಕ್ಷಣ. ಐದು ನಿಮಿಷ ನಡೆದರೆ ಬೆಚ್ಚಗಾಗುತ್ತದೆ. ಬುತ್ತಿ ಬಿಚ್ಚಲು ನಾವು ಹುಡುಕುವುದು ಹಳ್ಳದ ದಂಡೆಯ ಸುಂದರ ತಾಣವನ್ನಲ್ಲ, ಬಸ್ ತಂಗುದಾಣದ ಸಿಮೆಂಟು ಕಟ್ಟೆಯನ್ನು. ನೆಲ ಒಣಗಿರುವುದರಿಂದ ಅಲ್ಲಿ ಇಂಬಳ ಬರುವುದಿಲ್ಲ. ಸಂಜೆ ತಲುಪಿದ ಮನೆಯ ಅಂಗಳದ ನಲ್ಲಿಯ ಬಳಿ ನಿಂತು, ಚೀಲವನ್ನು ಒಳಹೊರಗು ಮಾಡಿ ತೊಳೆದ ಮೇಲೆಯೇ ಒಳಗೆ ಕಾಲಿಡಬೇಕು. ಅತಿಥಿಯ ಜೊತೆ ಬಂದ ಇಂಬಳ ಜಗಲಿಯಲ್ಲಿ ಓಡಾಡಿದರೆ ಯಾರಿಗೂ ಹಿತವಲ್ಲ. ಆಮೇಲೆ ಹಂಡೆಯ ಬಿಸಿ ನೀರು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಜಾಗ ಸಿಕ್ಕರೆ ಪಾಪ್ಲಿನ್ ಬೆಳಗಿನೊಳಗೆ ಒಣಗುತ್ತದೆ. ದಪ್ಪ ಕ್ಯಾನ್ವಾಸ್ ಬಟ್ಟೆಯ ಹಳೆಯ ಜೋಡಿ ಒಮ್ಮೆಯೂ ಪೂರ್ತಿ ಒಣಗಿದ್ದು ನೆನಪಿಲ್ಲ, ಹೊಗೆಯ ವಾಸನೆ ಮಾತ್ರ ಚೆನ್ನಾಗಿ ಹಿಡಿಯುತ್ತಿತ್ತು.

ಬೇಸಿಗೆಗೂ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಇಲ್ಲಿ ಎಚ್ಚರ ಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಅದನ್ನು ಹರಡುವುದು ಇಂಬಳವಲ್ಲ, ಉಣುಗು (ಉಣ್ಣಿ). ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಗಸಗಸೆಯಷ್ಟು ಚಿಕ್ಕ ಮರಿಗಳೂ ರೋಗ ತರಬಲ್ಲವು, ಬಿಳಿ ಬಟ್ಟೆಯ ಮೇಲೆ ಅವು ಕಂಡರೆ ಪುಣ್ಯ. ಪ್ಯಾಂಟನ್ನು ಚೀಲದೊಳಗೆ ಸೇರಿಸಿ ಕಟ್ಟುವುದು ಒಳ್ಳೆಯ ಅಭ್ಯಾಸ, ಆದರೆ ಅದನ್ನೇ ನಂಬಿ ಕೂರಬಾರದು. ಆರೋಗ್ಯ ಇಲಾಖೆ ಹಳ್ಳಿಗಳಲ್ಲಿ ಹಂಚುವ, ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಕಾಡಿಗೆ ಹೋಗುವ ಮುನ್ನ ಹಚ್ಚಿಕೊಳ್ಳಬೇಕು, ಮಂಗ ಸತ್ತು ಬಿದ್ದ ಸುದ್ದಿ ಇರುವ ಕಡೆ ಕಾಲಿಡಲೇಬಾರದು. ಕಾಡಿನಿಂದ ಬಂದ ಮೇಲೆ ಜ್ವರ ಕಾಣಿಸಿಕೊಂಡರೆ ಎಲ್ಲೆಲ್ಲಿ ಓಡಾಡಿದ್ದೇವೆ ಎಂಬುದನ್ನು ವೈದ್ಯರಿಗೆ ತಿಳಿಸಬೇಕು.

ಕೊಳ್ಳುವವರಿಗೆ ನನ್ನ ಸಲಹೆ, ಅಂಗಡಿಯದನ್ನು ಬಿಟ್ಟು ಹೊಲಿಸಿಕೊಳ್ಳಿ. ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ ಕೊಡಿ, ಆಮೇಲೆ ಕುಗ್ಗುವುದಿಲ್ಲ. ಅಳತೆಯನ್ನು ದಪ್ಪ ಕಾಲುಚೀಲ ಮತ್ತು ಪ್ಯಾಂಟು ಹಾಕಿಕೊಂಡೇ ಕೊಡಿ. ಹೊಲಿಗೆ ಪಾದದ ಮೇಲ್ಭಾಗದಲ್ಲಿ ಬರಲಿ, ಅಂಗಾಲಿನ ಕೆಳಗೆ ಒಂದು ಎಳೆಯೂ ಬೇಡ ಎಂದು ದರ್ಜಿಗೆ ಒತ್ತಿ ಹೇಳಿ. ಸುಮ್ಮನೆ ಚೀಲದಂತೆ ಹೊಲಿದುಬಿಡುವುದು ಅವರಿಗೆ ಸುಲಭ, ಹಾಗೆ ಮಾಡಿದ್ದರೆ ಬಿಚ್ಚಿಸಿ. ಮೇಲ್ತುದಿ ಮೊಣಕಾಲಿನ ಚಿಪ್ಪಿಗಿಂತ ಮೂರು ಬೆರಳು ಕೆಳಗಿರಲಿ, ಇಲ್ಲದಿದ್ದರೆ ಹತ್ತುವಾಗ ಲಾಡಿ ಮಂಡಿಯ ಹಿಂದೆ ಕೊರೆಯುತ್ತದೆ. ಬೂಟು ಒಂದು ಅಳತೆ ದೊಡ್ಡದು ಬೇಕಾಗುತ್ತದೆ, ಈಗಿರುವ ಬೂಟು ಬಿಗಿಯಾಗಿದ್ದರೆ ಕಾಲುಚೀಲಕ್ಕಿಂತ ಮೊದಲು ಅದನ್ನು ಬದಲಾಯಿಸಿ. ಎರಡು ಜೋಡಿ ಹೊಲಿಸಿ, ಲಾಡಿಗೆ ಒಂದಡಿ ಹೆಚ್ಚು ಬಟ್ಟೆ ಕೊಡಿ. ಕೆಸರಿನಲ್ಲಿ ನೆನೆದ ಲಾಡಿಯ ಗಂಟು ಸಂಜೆ ಬಿಚ್ಚಲು ಬಾರದೆ ಕತ್ತರಿ ಹಾಕಬೇಕಾಗುತ್ತದೆ, ಆಗ ಮರುದಿನಕ್ಕೆ ಉದ್ದ ಉಳಿದಿರಬೇಕು.